ಬಚ್ಚಲುಮನೆಗೆ ಬಂದ ಕಾಳಿಂಗವನ್ನು ಹಿಡಿಸದೆ ಕಳಿಸಿದ ಬಗೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ, ಕಾಡಿನ ಅಂಚಿನಲ್ಲಿ ಚದುರಿಕೊಂಡಿರುವ ಒಂಟಿ ಮನೆಗಳಲ್ಲಿ ನಮ್ಮದೂ ಒಂದು. ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ, ಹಿಂದೆ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನಬೆಟ್ಟ. ಇಂಥ ಮನೆಗಳವರಿಗೆ ಬೇಸಿಗೆಯಲ್ಲಿ ಕಾಳಿಂಗ ಸರ್ಪ ಕಾಣಿಸಿಕೊಳ್ಳುವುದು ಹೊಸ ಸಂಗತಿಯಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನೂ ಅದನ್ನು ತೋಟದ ಕಪ್ಪಿನಲ್ಲಿ (ಅಡಿಕೆ ಸಾಲುಗಳ ನಡುವಿನ ಕಾಲುವೆಯಲ್ಲಿ), ಹಳ್ಳದ ದಾರಿಯಲ್ಲಿ ದೂರದಿಂದ ನೋಡಿದ್ದೆ. ಆದರೆ ಅದು ಮನೆಯ ಗೋಡೆಯೊಳಗೇ ಬಂದು ಒಂದು ರಾತ್ರಿ ಉಳಿದದ್ದು ಒಂದು ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ. ಆಗ ನಾವು ಅದನ್ನು ಹಿಡಿಸಲಿಲ್ಲ, ಓಡಿಸಲೂ ಇಲ್ಲ. ತಾನಾಗಿ ಹೊರಡುವವರೆಗೆ ಮನೆಯನ್ನೂ ಮನೆಗೆ ಬಂದ ಜನರನ್ನೂ ಸಂಭಾಳಿಸಿದೆವು. ಹಾವಿಗಿಂತ ಜನರನ್ನು ಸಂಭಾಳಿಸುವುದೇ ಹೆಚ್ಚಿನ ಕೆಲಸವಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅದು ಬಂದದ್ದು ನಮ್ಮನ್ನು ಹುಡುಕಿಕೊಂಡಲ್ಲ, ಕೇರೆ ಹಾವನ್ನು ಹುಡುಕಿಕೊಂಡು. ಕೊಟ್ಟಿಗೆಯ ಪಕ್ಕದ ಸೌದೆ ಮನೆಯಲ್ಲಿ ಒಂದು ದೊಡ್ಡ ಕೇರೆ ಬಹುಕಾಲದಿಂದ ಇತ್ತು. ದನಗಳಿಗೆ ಹಾಕುವ ಹಿಂಡಿ, ತೌಡು ಇರುವ ಕಡೆ ಇಲಿ ಇರುತ್ತದೆ, ಇಲಿ ಇರುವ ಕಡೆ ಕೇರೆ ಇರುತ್ತದೆ, ಕೇರೆ ಇರುವ ಕಡೆಗೆ ಕಾಳಿಂಗ ಬರುತ್ತದೆ. ಕಾಳಿಂಗದ ಮುಖ್ಯ ಆಹಾರವೇ ಇತರ ಹಾವುಗಳು. ಕೇರೆಯಲ್ಲದೆ ನಾಗರಹಾವನ್ನೂ ಅದು ಬಿಡುವುದಿಲ್ಲ. ಸೀಳು ನಾಲಗೆಯನ್ನು ಆಡಿಸುತ್ತ ನೆಲದ ಮೇಲಿನ ವಾಸನೆಯ ಜಾಡು ಹಿಡಿದು ಅದು ಬೇಟೆಯ ಬೆನ್ನು ಬೀಳುತ್ತದೆ. ಆ ದಿನ ಮಧ್ಯಾಹ್ನ ಸೌದೆ ಮನೆಯಿಂದ ಹೊರಬಿದ್ದ ಕೇರೆ ಅಂಗಳವನ್ನು ಒಂದೇ ಉಸಿರಿಗೆ ದಾಟಿ ಬಚ್ಚಲುಮನೆಯ ಬಾಗಿಲಲ್ಲಿ ನುಗ್ಗಿತು. ಅದರ ಹಿಂದೆಯೇ, ಅಷ್ಟೇನೂ ಆತುರವಿಲ್ಲದೆ, ಕಾಳಿಂಗವೂ ಒಳಗೆ ಹೋಯಿತು. ಜಗುಲಿಯ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಎರಡನ್ನೂ ಕಂಡರು. ಅವರು ಕೂಗಿಕೊಳ್ಳಲಿಲ್ಲ. “ಮಕ್ಕಳನ್ನ ಒಳಗೆ ಕರ್ಕಳೇ, ದೊಡ್ಡದು ಬಂದದೆ” ಎಂದಷ್ಟೇ ಹೇಳಿದರು. ನಮ್ಮಲ್ಲಿ ಹಿರಿಯರು ಅದರ ಹೆಸರನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ನಮ್ಮ ಬಚ್ಚಲುಮನೆಗೆ ಎರಡು ಬಾಗಿಲು. ಒಂದು ಅಡುಗೆಮನೆಯ ಕಡೆಗೆ, ಇನ್ನೊಂದು ಅಂಗಳಕ್ಕೆ. ನಾನು ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯ ಕಡೆಯ ಬಾಗಿಲನ್ನು ಹಾಕಿ, ಅದರ ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲಗಳನ್ನು ಉದ್ದಕ್ಕೂ ತುರುಕಿದ್ದು. ಮನೆಯವರು ಅಂಗಳದ ಕಡೆಯ ಬಾಗಿಲು ತೆರೆದೇ ಇರುವಂತೆ, ದೂರ ನಿಂತು ಅಡಿಕೆ ದೋಟಿಯಿಂದ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ ಗೋಡೆಗೆ ಒರಗಿಸಿದರು. ಇದರ ಅರ್ಥ ಸರಳ: ಹಾವಿಗೆ ಮನೆಯೊಳಗೆ ಬರಲು ದಾರಿ ಇರಬಾರದು, ಹೊರಗೆ ಹೋಗಲು ದಾರಿ ಇರಬೇಕು. ಎಷ್ಟೋ ಮನೆಗಳಲ್ಲಿ ಇದಕ್ಕೆ ತಿರುಗುಮುರುಗು ಮಾಡುತ್ತಾರೆ. ಹಾವು ಹೊಕ್ಕ ಕೋಣೆಯ ಎಲ್ಲ ಬಾಗಿಲು ಕಿಟಕಿಗಳನ್ನೂ ಮುಚ್ಚಿ ‘ಸಿಕ್ಕಿತು’ ಎಂದು ಸಮಾಧಾನಪಡುತ್ತಾರೆ; ಆಮೇಲೆ ಅದನ್ನು ಹಿಡಿಯದೆ ಬೇರೆ ದಾರಿಯೇ ಉಳಿಯುವುದಿಲ್ಲ. ಮೂರನೆಯ ಕೆಲಸ ನಾಯಿಯದು. ಅದನ್ನು ತೋಟದ ಆಚೆಯ ನಮ್ಮ ಭಾವನ ಮನೆಗೆ ಮಕ್ಕಳ ಜೊತೆಯಲ್ಲೇ ಕಳಿಸಿದೆವು. ಹಾವನ್ನು ಕೆಣಕಿ ರೊಚ್ಚಿಗೆಬ್ಬಿಸುವುದರಲ್ಲಿ ನಾಯಿಯನ್ನು ಮೀರಿಸಿದ್ದು ಇನ್ನೊಂದಿಲ್ಲ.

ಅಡುಗೆಮನೆಯ ಗೋಡೆಯ ಮೇಲ್ಭಾಗದಲ್ಲಿ ಹೊಗೆ ಹೋಗಲು ಬಿಟ್ಟ ಜಾಲಂಧ್ರವಿದೆ. ಮೇಜಿನ ಮೇಲೆ ಹತ್ತಿ ಅದರ ಮೂಲಕ ನೋಡಿದಾಗ ಕಾಳಿಂಗ ನೀರಿನ ಹಂಡೆಯ ಒಲೆಯ ಪಕ್ಕದಲ್ಲಿ ಕೇರೆಯನ್ನು ತಲೆಯ ಕಡೆಯಿಂದ ನುಂಗುತ್ತಿತ್ತು. ಉದ್ದ ಹತ್ತು ಅಡಿಗೆ ಕಡಿಮೆಯಿರಲಿಲ್ಲ. ಕಪ್ಪು ಮೈಯ ಮೇಲೆ ಮಾಸಿದ ಹಳದಿಯ ಅಡ್ಡಪಟ್ಟೆಗಳು, ತಲೆಯ ಮೇಲೆ ಅಗಲವಾದ ಹುರುಪೆಗಳು, ಕತ್ತಿನ ಕೆಳಗೆ ತಿಳಿ ಹಳದಿ. ಮನೆಯವರು ಜಾಲಂಧ್ರಕ್ಕೆ ಫೋನ್ ಹಿಡಿದು ಚಿತ್ರ ತೆಗೆದು ಹಾವು ರಕ್ಷಿಸುವ ಪರಿಚಿತ ಹುಡುಗನಿಗೆ ಕಳಿಸಿದರು. ಅರಣ್ಯ ಇಲಾಖೆಯ 1926 ಸಹಾಯವಾಣಿಗೂ ತಿಳಿಸಿದೆವು. ಆ ಹುಡುಗ ಕೇಳಿದ ಪ್ರಶ್ನೆಗಳು ನನಗೆ ಇಷ್ಟವಾದವು. ‘ಎಷ್ಟು ಉದ್ದ ಇದೆ’ ಎಂದು ಅವನು ಕೇಳಲಿಲ್ಲ. “ಅಕ್ಕಾ, ಹೊರಗಿನ ಬಾಗ್ಲು ತೆಗೆದಿದ್ಯಾ? ಒಲೇಲಿ ಬೆಂಕಿ ಇದ್ಯಾ? ಅಂಗಳದಲ್ಲಿ ಎಷ್ಟು ಜನ ಇದಾರೆ?” ಎಂದು ಕೇಳಿದ. ಒಲೆಯಲ್ಲಿ ಬೆಳಗಿನ ಬೂದಿ ಮಾತ್ರ ಇತ್ತು. ಯಾರೂ ಹೊಗೆ ಹಾಕಬಾರದು, ಸೀಮೆಎಣ್ಣೆ, ಫಿನಾಯಿಲ್ ಎರಚಬಾರದು, ಹೊಟ್ಟೆ ತುಂಬಿದ ಹಾವನ್ನು ಗಾಬರಿಪಡಿಸಿದರೆ ನುಂಗಿದ್ದನ್ನು ಕಕ್ಕಿಬಿಡುತ್ತದೆ, ಆಮೇಲೆ ಹಸಿದ ಹಾವು ಮತ್ತೆ ಇಲ್ಲೇ ಸುತ್ತುತ್ತದೆ ಎಂದು ಹೇಳಿ, ತಾನು ಬರುವವರೆಗೆ ಅಂಗಳವನ್ನು ಖಾಲಿ ಇಡಲು ತಿಳಿಸಿದ.

ಅಂಗಳವನ್ನು ಖಾಲಿ ಇಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಒಂದು ಗಂಟೆಯೊಳಗೆ ಊರಿನ ಅರ್ಧ ಜನ ನಮ್ಮ ದಣಪೆಯ (ಬೇಲಿ ಬಾಗಿಲ) ಹತ್ತಿರ ಸೇರಿದ್ದರು. ಅವರಲ್ಲಿ ಕೈಮುಗಿಯಲು ಬಂದವರೂ ಇದ್ದರು, ವಿಡಿಯೋ ಮಾಡಲು ಬಂದವರೂ ಇದ್ದರು, ದೊಣ್ಣೆ ಹಿಡಿದು ಬಂದ ಒಬ್ಬಿಬ್ಬರೂ ಇದ್ದರು. ಕಾಳಿಂಗದ ಕಣ್ಣು ಚುರುಕು. ದೂರದ ಚಲನೆಯನ್ನೂ ಅದು ಗುರುತಿಸುತ್ತದೆ. ಹೊರಬರುವ ದಾರಿಯಲ್ಲಿ ಜನರ ಗುಂಪು ಕಂಡರೆ ಅದು ಮರಳಿ ಕತ್ತಲೆಗೇ ಸರಿಯುತ್ತದೆ. ಇದನ್ನು ಎಷ್ಟು ಹೇಳಿದರೂ ಜನ ಎರಡು ಹೆಜ್ಜೆ ಹಿಂದೆ ಸರಿದು ಮೂರು ಹೆಜ್ಜೆ ಮುಂದೆ ಬರುತ್ತಿದ್ದರು. ಕೊನೆಗೆ ಉಪಾಯ ಮಾಡಿದವರು ಅತ್ತೆ. ಭಾವನ ಮನೆಯಲ್ಲಿ ಎಲ್ಲರಿಗೂ ಕಾಫಿ ಮಾಡಿದೆಯೆಂದು ಹೇಳಿ, ತಾವೇ ಮುಂದಾಗಿ ನಡೆದು, ಇಡೀ ಗುಂಪನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಫಿಗೆ ನೀರನ್ನೂ ಇಟ್ಟಿರಲಿಲ್ಲ ಎಂಬುದು ಬೇರೆ ಮಾತು. ದೊಣ್ಣೆ ತಂದವರಿಗೆ ಮನೆಯವರು, ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಕೊಂದರೆ ಜೈಲು ಎಂದು ಹೇಳಿ ದೊಣ್ಣೆಗಳನ್ನು ಕೊಟ್ಟಿಗೆಯ ಮೂಲೆಯಲ್ಲಿ ಇರಿಸಿಕೊಂಡರು.

ನನ್ನ ಎಚ್ಚರಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಕಾಳಿಂಗದ ವಿಷ ಆ ಪಟ್ಟಿಯಲ್ಲಿಲ್ಲ. ಅದರ ವಿಷ ನರಗಳ ಮೇಲೆ ಎರಗಿ ಉಸಿರಾಟವನ್ನೇ ನಿಲ್ಲಿಸಬಲ್ಲದು, ಒಂದು ಕಡಿತದಲ್ಲಿ ಅದು ಬಿಡುವ ವಿಷದ ಪ್ರಮಾಣವೂ ಹೆಚ್ಚು. ಉಸಿರಾಟಕ್ಕೆ ಯಂತ್ರದ ನೆರವು ಬೇಗ ಸಿಗುವುದರ ಮೇಲೆಯೇ ಜೀವ ನಿಂತಿರುತ್ತದೆ. ನಮ್ಮ ಮನೆಯಿಂದ ತೀರ್ಥಹಳ್ಳಿಯ ಆಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆ ಬೇಕು. ಇದು ಸಾಮಾನ್ಯವಾಗಿ ಮನುಷ್ಯರನ್ನು ಕಡಿಯದ, ಮೊದಲು ತಪ್ಪಿಸಿಕೊಳ್ಳಲು ನೋಡುವ ಹಾವು ಎಂಬುದು ನಿಜ. ಕಡಿತಗಳು ಹೆಚ್ಚಾಗಿ ಆಗುವುದು ಅದನ್ನು ಹಿಡಿಯುವಾಗ, ಹಿಡಿದು ಆಡಿಸುವಾಗ. ಹಿಡಿಯುವುದು ಸುರಕ್ಷಿತ, ಬಿಡುವುದು ಅಪಾಯ ಎಂದು ನಂಬುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಸಂಜೆಯ ಹೊತ್ತಿಗೆ ಹುಡುಗ ಬಂದ, ಅವನ ಜೊತೆ ಇಲಾಖೆಯ ಒಬ್ಬ ಗಾರ್ಡ್ ಕೂಡ. ಕೊಕ್ಕೆ, ಚೀಲ, ಕೊಳವೆ ಎಲ್ಲವನ್ನೂ ತಂದಿದ್ದ. ಜಾಲಂಧ್ರದಿಂದ ನೋಡಿ ಇಳಿದವನು ಅವುಗಳನ್ನು ಜೀಪಿನಲ್ಲೇ ಬಿಟ್ಟು ಜಗುಲಿಯ ಮೇಲೆ ಕುಳಿತ. ಹಾವು ಕೇರೆಯನ್ನು ಪೂರ್ತಿ ನುಂಗಿ, ಹಂಡೆಯ ಹಿಂದೆ ಸುರುಳಿ ಸುತ್ತಿಕೊಂಡಿತ್ತು. ಅದು ಗಂಡು ಇರಬೇಕೆಂದೂ, ಈ ತಿಂಗಳುಗಳಲ್ಲಿ ಗಂಡುಗಳು ಹೆಣ್ಣನ್ನು ಹುಡುಕುತ್ತ ತಿರುಗುತ್ತವೆ, ಅಲ್ಲಲ್ಲಿ ಒಂದರೊಡನೊಂದು ಸೆಣಸುತ್ತವೆ, ಆದ್ದರಿಂದಲೇ ಬೇಸಿಗೆಯಲ್ಲಿ ಜನರ ಕಣ್ಣಿಗೆ ಹೆಚ್ಚು ಬೀಳುತ್ತವೆ ಎಂದೂ ವಿವರಿಸಿದ. ಅವನ ಪ್ರಕಾರ ಹಾವು ಮಲಗುವ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದರೆ, ಇಲ್ಲವೇ ಬಾವಿಗೆ ಬಿದ್ದಿದ್ದರೆ ಹಿಡಿಯುವ ಮಾತು. ಇಲ್ಲಿ ಹೊರಗಿನ ಬಾಗಿಲು ತೆರೆದಿದೆ, ಮೂವತ್ತು ಮಾರಿನಾಚೆ ಕಾಡಿದೆ, ಹಿಡಿಯುವ ಅಗತ್ಯವೇ ಇಲ್ಲ. ಹಿಡಿಯುವುದನ್ನು ನೋಡಲೆಂದೇ ಕತ್ತಲಾಗುವವರೆಗೆ ಕಾದಿದ್ದ ಕೆಲವರಿಗೆ ಇದರಿಂದ ಬಹಳ ನಿರಾಶೆಯಾಯಿತು.

‘ಹಿಡಿದು ದೂರದ ಕಾಡಿಗೆ ಬಿಟ್ಟುಬಿಡಿ’ ಎಂದು ಒತ್ತಾಯಿಸಿದವರಿಗೆ ಅವನು ಕೊಟ್ಟ ಉತ್ತರ ನಮ್ಮ ನೆರೆಯಲ್ಲೇ ನಡೆದ ಕೆಲಸಕ್ಕೆ ಸಂಬಂಧಿಸಿದ್ದು. ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ದೇಹದೊಳಗೆ ಚಿಕ್ಕ ರೇಡಿಯೋ ಟ್ರಾನ್ಸ್‌ಮಿಟರ್ ಇರಿಸಿ, ಅವು ಎಲ್ಲಿ ತಿರುಗುತ್ತವೆ ಎಂಬುದನ್ನು ಹಿಂಬಾಲಿಸಿ ನೋಡಿದ್ದಾರೆ. ತನ್ನ ಸೀಮೆಯಲ್ಲೇ ಇರುವ ಹಾವಿಗೆ ಎಲ್ಲಿ ನೀರು, ಎಲ್ಲಿ ಬಿಲ, ಎಲ್ಲಿ ಬೇಟೆ ಎಂಬುದು ಗೊತ್ತಿರುತ್ತದೆ. ದೂರಕ್ಕೆ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ಬಹಳ ದೂರ ಅಲೆದದ್ದು ಅಂಥ ಅಧ್ಯಯನದಲ್ಲಿ ದಾಖಲಾಗಿದೆ. ಹಾಗೆ ಅಲೆಯುವ ಹಾವು ಇನ್ನಷ್ಟು ಅಂಗಳಗಳನ್ನು, ಇನ್ನಷ್ಟು ರಸ್ತೆಗಳನ್ನು ದಾಟುತ್ತದೆ. ಅಂದರೆ ನಮ್ಮ ಮನೆಯ ಭಯವನ್ನು ಚೀಲದಲ್ಲಿ ಕಟ್ಟಿ ಇನ್ನೊಬ್ಬರ ಮನೆಗೆ ಕಳಿಸಿದಂತಾಯಿತು. 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗವನ್ನು ಬೇರೆಯೇ ಒಂದು ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೂ ‘ಕಾಳಿಂಗ’ ಎಂಬುದನ್ನೇ ಇರಿಸಿದ್ದಾರೆ. ಈ ಘಟ್ಟವನ್ನು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲವೆಂದ ಮೇಲೆ ‘ದೂರದ ಕಾಡು’ ಎಂದರೆ ಯಾವ ಕಾಡು?

ರಾತ್ರಿ ನಾವು ಬಚ್ಚಲನ್ನು ಅದಕ್ಕೇ ಬಿಟ್ಟೆವು. ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋಗುವಾಗ ಟಾರ್ಚ್ ಹಿಡಿದು ಇಬ್ಬಿಬ್ಬರಾಗಿಯೇ ಹೋದೆವು. ದನಗಳನ್ನು ಕೊಟ್ಟಿಗೆಯ ಆಚೆ ತುದಿಗೆ ಕಟ್ಟಿದೆವು. ಅಡುಗೆಮನೆಯ ಕಡೆಯ ಗೋಣಿಚೀಲಗಳ ಮೇಲೆ ಅಕ್ಕಿ ಮೂಟೆಯೊಂದನ್ನು ಎಳೆದು ಇರಿಸಿದೆವು. ನಡುರಾತ್ರಿಯಲ್ಲಿ ಏನೋ ಒಂದು ಪಾತ್ರೆ ಉರುಳಿದ ಸದ್ದಿಗೆ ಮನೆಯವರು ಜಾಲಂಧ್ರದಿಂದ ಬೆಳಕು ಬಿಟ್ಟಾಗ ಹಾವು ಹೆಡೆಯೆತ್ತಿ ನಾಯಿ ಗುರುಗುಟ್ಟುವಂಥ ಸದ್ದು ಮಾಡಿತು. ನಾಗರಹಾವಿನ ಬುಸುಗುಟ್ಟುವಿಕೆ ಕೇಳಿ ಗೊತ್ತಿದ್ದವರಿಗೂ ಅದು ಬೇರೆಯದೇ ಸದ್ದು. ಬೆಳಕು ಆರಿಸಿದ ಮೇಲೆ ಅದೂ ಸುಮ್ಮನಾಯಿತು. ಮತ್ತೆ ಯಾರೂ ಬೆಳಕು ಬಿಡಲಿಲ್ಲ.

ಮರುದಿನ ಅಂಗಳದ ಕಲ್ಲಿಗೆ ಬಿಸಿಲು ತಾಗಿದ ಮೇಲೆ, ನಾವು ತಿಂಡಿ ಮುಗಿಸುವ ಹೊತ್ತಿಗೆ, ಅದು ಹೊಸ್ತಿಲ ಮೇಲೆ ತಲೆಯಿಟ್ಟಿತು. ಬಹಳ ಹೊತ್ತು ಅಲ್ಲಿಯೇ ಇತ್ತು. ಆಮೇಲೆ ಗೋಡೆಯ ಬುಡವನ್ನು ಹಿಡಿದು, ಕೊಟ್ಟಿಗೆಯ ಹಿಂದಿನಿಂದ ಸೊಪ್ಪಿನಬೆಟ್ಟದ ಅಗಳನ್ನು (ಕಂದಕವನ್ನು) ದಾಟಿ ಹೋಯಿತು. ಹುಡುಗ ಸಾಕಷ್ಟು ಹಿಂದಿನಿಂದಲೇ ಹೋಗಿ ಅದು ಕಾಡು ಸೇರಿದ್ದನ್ನು ಖಚಿತಪಡಿಸಿಕೊಂಡು ಬಂದ. ಅಲ್ಲಿಯವರೆಗೆ ಬಚ್ಚಲಿಗೆ ಯಾರೂ ಕಾಲಿಡಲಿಲ್ಲ. ಆಮೇಲೆ ನಾನು ಹಂಡೆ, ಒಲೆ, ನೆಲ ಎಲ್ಲವನ್ನೂ ಬಿಸಿನೀರು ಹಾಕಿ ತೊಳೆದೆ. ಅತ್ತೆ ಅರಿಸಿನ ಕುಂಕುಮ ಇಟ್ಟು ಹಾಲು ಚೆಲ್ಲಿದರು. ಎರಡೂ ಆಗಲಿ ಎಂದೇ ನಾನೂ ಸುಮ್ಮನಿದ್ದೆ. ಕೊಲ್ಲಬಾರದೆಂಬ ಕಾನೂನು ಬರುವುದಕ್ಕೆ ಬಹಳ ಮೊದಲೇ ಈ ಊರುಗಳಲ್ಲಿ ಕಾಳಿಂಗವನ್ನು ಉಳಿಸಿದ್ದು ಆ ಅರಿಸಿನ ಕುಂಕುಮವೇ.

ಅಂದಿನಿಂದ ಮನೆಯಲ್ಲಿ ಕೆಲವು ಪದ್ಧತಿಗಳು ಬದಲಾದವು. ಹಿಂಡಿ, ತೌಡುಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಗಳಿಗೆ ಹಾಕಿದೆವು, ಇಲಿ ಕಡಿಮೆಯಾಯಿತು. ಸೌದೆಯನ್ನು ನೆಲದ ಮೇಲೆ ರಾಶಿ ಹಾಕದೆ, ಕಲ್ಲು ಕಂಬಗಳ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಅಟ್ಟಣಿಗೆ ಕಟ್ಟಿ ಜೋಡಿಸುತ್ತೇವೆ. ಅಡಿ ಖಾಲಿಯಿರುವುದರಿಂದ ಒಂದು ನೋಟಕ್ಕೆ ಎಲ್ಲವೂ ಕಾಣುತ್ತದೆ. ಬಚ್ಚಲಿನ ನೀರು ಹೋಗುವ ಕಂಡಿಗೆ ಕಬ್ಬಿಣದ ಜಾಲರಿ ಬಂತು. ಕೇರೆಯನ್ನು ಮಾತ್ರ ಓಡಿಸಲಿಲ್ಲ, ಹೊಸದೊಂದು ಈಗ ತೋಟದ ಕಡೆ ಇದೆ; ಇಲಿ ಹೆಚ್ಚಿ ಅಡಿಕೆ ಚೀಲಗಳನ್ನು ಕತ್ತರಿಸುವುದಕ್ಕಿಂತ ಅದು ಇರುವುದೇ ಲೇಸು.

ಅದೇ ಏಪ್ರಿಲ್‌ನಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸಲು ಹೋದ ಹೆಂಗಸರು ಸೊಪ್ಪಿನಬೆಟ್ಟದ ಮೇಲ್ಗಡೆ, ಒಂದು ಬಿದಿರು ಮೆಳೆಯ ಬುಡದಲ್ಲಿ, ಯಾರೋ ಗುಡಿಸಿ ಒಟ್ಟಿದಂತಿದ್ದ ಎಲೆಗಳ ಗುಡ್ಡೆಯನ್ನೂ ಅದರ ಮೇಲೆ ಸುತ್ತಿಕೊಂಡಿದ್ದ ಹೆಣ್ಣು ಕಾಳಿಂಗವನ್ನೂ ಕಂಡು ಓಡಿಬಂದರು. ಹೀಗೆ ಎಲೆಗಳನ್ನು ಮೈಯ ಸುರುಳಿಯಿಂದ ಎಳೆದು ಒಟ್ಟಿ ಗೂಡು ಕಟ್ಟುವ ಹಾವು ಇದೊಂದೇ. ಎಲೆಗಳನ್ನು ಅದೆಷ್ಟು ಬಿಗಿಯಾಗಿ ಒತ್ತಿರುತ್ತದೆಂದರೆ ನಮ್ಮ ಮಳೆಗಾಲದ ನೀರೂ ಮೊಟ್ಟೆಗಳ ತನಕ ಸುಲಭಕ್ಕೆ ಇಳಿಯುವುದಿಲ್ಲ. ಇಲಾಖೆಯವರು ಬಂದು ನೋಡಿದ ಮೇಲೆ ಆ ಬದಿಗೆ ದನ ಬಿಡುವುದನ್ನೂ ದರಗು ತರುವುದನ್ನೂ ನಿಲ್ಲಿಸಿ, ದಾರಿಗೆ ಅಡ್ಡಲಾಗಿ ಬೇಲಿ ಹಾಕಿದೆವು. ಕೂಲಿಗೆ ಬರುವವರಿಗೆಲ್ಲ ತಿಳಿಸಿದೆವು. ಹೊರಗಿನವರಿಗೆ ಹೇಳಲಿಲ್ಲ, ಹೇಳಿದ್ದರೆ ಮತ್ತೆ ವಿಡಿಯೋ ಮಾಡುವವರಿಗೆ ಕಾಫಿಯ ಸುಳ್ಳು ಹೇಳಬೇಕಾಗುತ್ತಿತ್ತು. ಮಳೆ ಹಿಡಿದ ಮೇಲೆ, ಮರಿಗಳು ಹೊರಬರುವ ಕಾಲಕ್ಕೆ ಸ್ವಲ್ಪ ಮುಂಚೆ, ತಾಯಿ ಗೂಡು ಬಿಟ್ಟು ಹೋಗಿತ್ತು. ಆಗ ಇಲಾಖೆಯವರ ಸಮಕ್ಷಮದಲ್ಲಿ ಹುಡುಗ ಗೂಡಿನ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿದ. ಜುಲೈನ ಮಳೆಯಲ್ಲಿ ಮರಿಗಳು ಹೊರಬಂದವು: ಒಂದೂವರೆ ಅಡಿಯ ಆಸುಪಾಸಿನ, ಎದ್ದು ಕಾಣುವ ಪಟ್ಟೆಗಳಿದ್ದ, ಹುಟ್ಟಿನಿಂದಲೇ ವಿಷವಿರುವ ಮರಿಗಳು. ಅವುಗಳನ್ನು ಎಣಿಸಿಕೊಂಡು ಅದೇ ಕಾಡಿನ ಒಳಭಾಗದ ಹಳ್ಳದಂಚುಗಳಲ್ಲಿ ಬೇರೆ ಬೇರೆ ಕಡೆ ಬಿಟ್ಟುಬಂದರು. ಬೇಲಿ ತೆಗೆದ ಮೇಲೂ ಆ ಗುಡ್ಡೆಯ ದರಗನ್ನು ಕೊಟ್ಟಿಗೆಗೆ ತರಕೂಡದೆಂದು ಅತ್ತೆ ಹೇಳಿದ್ದಾರೆ. ಎರಡು ಹೆಡಿಗೆ ದರಗಿಗೆ ಅವರೊಡನೆ ವಾದಿಸಲು ಹೋಗಿಲ್ಲ.