ಆರೋಗ್ಯವಂತರ ಮಲದಲ್ಲಿ ಇಎಸ್‌ಬಿಎಲ್ ಇ. ಕೋಲಿ ಹುಡುಕುವ ಬಗೆ

ಜ್ವರವಿಲ್ಲ, ಭೇದಿಯಿಲ್ಲ, ಉರಿಮೂತ್ರವಿಲ್ಲ. ಆದರೂ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾಗಳಲ್ಲಿ ಒಂದು ಪಾಲು ಸೆಫೋಟಾಕ್ಸಿಮ್ ಎಂಬ ಆಂಟಿಬಯೋಟಿಕ್‌ಗೆ ಜಗ್ಗದಿರಬಹುದು. ಆ ಔಷಧವನ್ನೇ ಒಡೆದುಹಾಕುವ ಇಎಸ್‌ಬಿಎಲ್ (ಎಕ್ಸ್‌ಟೆಂಡೆಡ್ ಸ್ಪೆಕ್ಟ್ರಮ್ ಬೀಟಾ-ಲ್ಯಾಕ್ಟಮೇಸ್) ಕಿಣ್ವ ಅವುಗಳ ಬಳಿ ಇರುತ್ತದೆ. ಕಿಣ್ವದ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದ ಮೇಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಬಿಡುತ್ತದೆ. ಇಂದು ಜಗತ್ತಿನಾದ್ಯಂತ ಕಾಣುವ ಸಿಟಿಎಕ್ಸ್-ಎಂ-15 ಎಂಬ ಬಗೆಯ ಇಎಸ್‌ಬಿಎಲ್ ಮೊದಲು ವರದಿಯಾದದ್ದು ದೆಹಲಿಯ ಬ್ಯಾಕ್ಟೀರಿಯಾಗಳಲ್ಲಿ, 2001ರಲ್ಲಿ. ಇಂಥವನ್ನು ಹೊತ್ತವರನ್ನು ಪತ್ತೆಹಚ್ಚಲು ದುಬಾರಿ ಯಂತ್ರ ಬೇಕಿಲ್ಲ, ಎಂಎಸ್ಸಿ ಪ್ರಾಜೆಕ್ಟಿನ ಲ್ಯಾಬ್ ಸಾಕು. ಎಥಿಕ್ಸ್ ಕಮಿಟಿಯ ಅನುಮತಿ ಮತ್ತು ಕನ್ನಡದಲ್ಲಿ ಬರೆದ ಸಮ್ಮತಿ ಪತ್ರ ಮಾತ್ರ ಮೊದಲೇ ಕೈಯಲ್ಲಿರಲಿ.

ಮಾದರಿ

"ಆಂಟಿಬಯೋಟಿಕ್ ತಗೊಂಡಿದ್ದೀರಾ?" ಎಂದರೆ ಬಹಳ ಮಂದಿ ಇಲ್ಲ ಎನ್ನುತ್ತಾರೆ. "ಈ ಮೂರು ತಿಂಗಳಲ್ಲಿ ಗಂಟಲುನೋವಿಗೋ ಹಲ್ಲುನೋವಿಗೋ ಮೆಡಿಕಲ್‌ನಿಂದ ಮಾತ್ರೆ ತಂದಿದ್ರಾ?" ಎಂದು ಕೇಳಿ, ಖಾಲಿ ಸ್ಟ್ರಿಪ್ ಇದ್ದರೆ ತೋರಿಸಲು ಹೇಳಿ. ಮಾತ್ರೆ ತಿಂದವರನ್ನೂ ಆಸ್ಪತ್ರೆಯಲ್ಲಿ ದಾಖಲಾಗಿದ್ದವರನ್ನೂ ಬೇರೆ ಪಟ್ಟಿಯಲ್ಲಿಡಿ.

ಹೊಸ ಮಲ, ಕಡಲೆಬೀಜದಷ್ಟು ಗಾತ್ರ, ಅಗಲ ಬಾಯಿಯ ಡಬ್ಬಿ. ಕಮೋಡಿನ ನೀರು ಸೋಕಿದ ಮಾದರಿ ಬೇಡ, ಅದರಲ್ಲಿರುವ ಫಿನಾಯಿಲ್, ಬ್ಲೀಚಿಂಗ್ ಪುಡಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಕಾಗದದ ತಟ್ಟೆಯಲ್ಲಿ ಹಿಡಿದರೆ ಕೆಲಸ ಸುಲಭ. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟದಿದ್ದರೆ ಬ್ಯಾಕ್ಟೀರಿಯಾಗಳನ್ನು ಜೀವಂತ ಸಾಗಿಸುವ ಕ್ಯಾರಿ-ಬ್ಲೇರ್ ಮಾಧ್ಯಮಕ್ಕೆ ಹಾಕಿ 4 ಡಿಗ್ರಿಯಲ್ಲಿಡಿ.

ಔಷಧದ ಪ್ಲೇಟ್

ಬೇಕಾದ್ದು ಲೀಟರಿಗೆ 4 ಮಿ.ಗ್ರಾಂ ಸೆಫೋಟಾಕ್ಸಿಮ್ ಇರುವ ಮ್ಯಾಕಾಂಕಿ ಅಗಾರ್ (ಇ. ಕೋಲಿ ಗುಲಾಬಿ ಬಣ್ಣದಲ್ಲಿ ಬೆಳೆಯುವ ಮಾಧ್ಯಮ). ಪುಡಿಯ ಪೊಟೆನ್ಸಿ, ಅಂದರೆ ಅದರಲ್ಲಿ ನಿಜವಾದ ಔಷಧ ಎಷ್ಟೆಂಬುದು, ಲೇಬಲ್ ಮೇಲೆ ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮಿ.ಗ್ರಾಂಗೆ 950 ಮೈಕ್ರೊಗ್ರಾಂ ಎಂದಿದ್ದರೆ 42.1 ಮಿ.ಗ್ರಾಂ ತೂಗಿ 10 ಮಿ.ಲೀ. ಸ್ಟೆರೈಲ್ ನೀರಿನಲ್ಲಿ ಕರಗಿಸಿ. ಇದು ಮಿ.ಲೀ.ಗೆ 4 ಮಿ.ಗ್ರಾಂನ ಸ್ಟಾಕ್. ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡಿ, ಒಮ್ಮೆ ಕರಗಿದ ಟ್ಯೂಬನ್ನು ಮತ್ತೆ ಫ್ರೀಜ್ ಮಾಡಬೇಡಿ.

ಆಟೊಕ್ಲೇವ್‌ನಿಂದ ತೆಗೆದ ಅಗಾರ್ 50 ಡಿಗ್ರಿಗೆ ಇಳಿದ ಮೇಲೆ 200 ಮಿ.ಲೀ.ಗೆ 0.2 ಮಿ.ಲೀ. ಸ್ಟಾಕ್ ಬೆರೆಸಿ, ನೊರೆ ಬಾರದಂತೆ ತಿರುಗಿಸಿ ಸುರಿಯಿರಿ. ಬಿಸಿ ಇರುವಾಗಲೇ ಹಾಕಿದರೆ ಔಷಧ ಕೆಟ್ಟು ಎಲ್ಲರೂ "ವಾಹಕರು" ಆಗಿಬಿಡುತ್ತಾರೆ. ಹಳೆಯ ಪ್ಲೇಟಿನಲ್ಲೂ ಅದೇ ಮೋಸ. ಫ್ರಿಡ್ಜಿನ ಕತ್ತಲಲ್ಲಿಟ್ಟು ಎರಡು ವಾರದೊಳಗೆ ಬಳಸಿ. ಪ್ರತಿ ಬ್ಯಾಚಿನಲ್ಲೂ ಒಂದು ಪ್ಲೇಟಿಗೆ ಈ ಔಷಧಕ್ಕೆ ಸಾಯುವ ಕಂಟ್ರೋಲ್ ತಳಿಯಾದ ಎಟಿಸಿಸಿ 25922 ಇ. ಕೋಲಿ ಗೀಚಿ. ಅದು ಬೆಳೆದರೆ ಬ್ಯಾಚ್ ಪೂರ್ತಿ ಎಸೆಯಬೇಕು.

ಎಣಿಕೆ

1 ಗ್ರಾಂ ಮಲವನ್ನು 9 ಮಿ.ಲೀ. ಸಲೈನಿನಲ್ಲಿ ಕದಡಿ (ಇದೇ ಮೊದಲನೇ ಡೈಲ್ಯೂಷನ್), ಮುಂದೆ ಹತ್ತುಪಟ್ಟು ಡೈಲ್ಯೂಷನ್‌ಗಳನ್ನು ಮಾಡಿ, 0.1 ಮಿ.ಲೀ.ನಂತೆ ಹರಡಿ. ಔಷಧವಿಲ್ಲದ ಸಾದಾ ಮ್ಯಾಕಾಂಕಿ ಪ್ಲೇಟಿಗೆ ನಾಲ್ಕನೇ, ಐದನೇ ಡೈಲ್ಯೂಷನ್, ಔಷಧವಿರುವ ಪ್ಲೇಟಿಗೆ ಮೊದಲನೆಯದು, ಎರಡನೆಯದು. 37 ಡಿಗ್ರಿ, 18ರಿಂದ 24 ಗಂಟೆ.

ಐದನೇ ಡೈಲ್ಯೂಷನ್ನಿನ ಸಾದಾ ಪ್ಲೇಟಿನಲ್ಲಿ 60 ಗುಲಾಬಿ ಕಾಲೊನಿ ಬಂದವು ಎನ್ನಿ, ಅಂದರೆ ಗ್ರಾಂಗೆ 6 ಕೋಟಿ. ಎರಡನೇ ಡೈಲ್ಯೂಷನ್ನಿನ ಔಷಧದ ಪ್ಲೇಟಿನಲ್ಲಿ 45, ಅಂದರೆ ಗ್ರಾಂಗೆ 45 ಸಾವಿರ. ಸುಮಾರು 1,300ರಲ್ಲಿ ಒಂದು. ಸಾದಾ ಪ್ಲೇಟಿನಿಂದ ಐದು ಕಾಲೊನಿ ಹೆಕ್ಕಿ ಪರೀಕ್ಷಿಸುವವರಿಗೆ ಈ ವ್ಯಕ್ತಿ ಸಿಗುವುದೇ ಇಲ್ಲ. ಸಾದಾ ಪ್ಲೇಟ್ ಒಂದನ್ನೇ ನಂಬಿ "ವಾಹಕರು ಕಡಿಮೆ" ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ.

ಔಷಧದ ಪ್ಲೇಟಿನಲ್ಲಿ ಬೆಳೆದದ್ದೆಲ್ಲ ಇ. ಕೋಲಿಯಲ್ಲ. ಒಣಗಿದಂತಿರುವ ಚಪ್ಪಟೆ ಗುಲಾಬಿ ಕಾಲೊನಿ ಇ. ಕೋಲಿಯಾಗಿರುವ ಸಂಭವ ಹೆಚ್ಚು. ಲೋಳೆಲೋಳೆ ಗುಲಾಬಿ ಕ್ಲೆಬ್ಸಿಯೆಲ್ಲಾ ಇರಬಹುದು. ಬಣ್ಣವಿಲ್ಲದವು ಹಲವು ಬಾರಿ ಸ್ಯೂಡೊಮೊನಾಸ್, ಅದಕ್ಕೆ ಸೆಫೋಟಾಕ್ಸಿಮ್ ಹುಟ್ಟಿನಿಂದಲೇ ಅಷ್ಟಾಗಿ ನಾಟುವುದಿಲ್ಲ. ಇಂಡೋಲ್ ಕೆಂಪು ಉಂಗುರ, ಸಿಟ್ರೇಟ್ ಹಸಿರಾಗಿಯೇ ಉಳಿಯುವುದು, ಎರಡೂ ಇದ್ದರೆ ಇ. ಕೋಲಿ ಎಂದು ಮುಂದುವರಿಯಿರಿ. ದೊಡ್ಡ ಕಾಲೊನಿಯ ಸುತ್ತ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಕಂಡರೆ ಹೆಕ್ಕಬೇಡಿ. ದೊಡ್ಡದರ ಕಿಣ್ವ ಅಕ್ಕಪಕ್ಕದ ಔಷಧವನ್ನು ಒಡೆದದ್ದರಿಂದ ಬದುಕಿದ ಪರಾವಲಂಬಿಗಳು ಅವು. ಪ್ಲೇಟನ್ನು 48 ಗಂಟೆ ಬಿಟ್ಟರೆ ಇವೇ ತುಂಬಿಕೊಳ್ಳುತ್ತವೆ.

ದೃಢೀಕರಣ

1. ಮ್ಯುಲ್ಲರ್-ಹಿಂಟನ್ ಅಗಾರ್ 90 ಮಿ.ಮೀ. ಪ್ಲೇಟಿಗೆ 25 ಮಿ.ಲೀ. ಸುರಿಯಿರಿ, ದಪ್ಪ 4 ಮಿ.ಮೀ. ಆಗುತ್ತದೆ. ತೆಳುವಾದರೆ ವಲಯಗಳು (ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ) ಸುಮ್ಮನೆ ದೊಡ್ಡದಾಗುತ್ತವೆ.
2. ಕಾಲೊನಿಯನ್ನು ಸಲೈನಿನಲ್ಲಿ 0.5 ಮ್ಯಾಕ್‌ಫರ್ಲೆಂಡ್ (ಮಬ್ಬಿನ ಅಳತೆ) ಮಬ್ಬಿಗೆ ಕದಡಿ, 15 ನಿಮಿಷದೊಳಗೆ ಸ್ವಾಬಿನಿಂದ ಮೂರು ದಿಕ್ಕಿಗೆ ಬಳಿಯಿರಿ.
3. ಸೆಫೋಟಾಕ್ಸಿಮ್ 30 ಮೈಕ್ರೊಗ್ರಾಂ, ಅದೇ ಔಷಧ ಇಎಸ್‌ಬಿಎಲ್ ಅನ್ನು ತಡೆಯುವ ಕ್ಲಾವುಲಾನಿಕ್ ಆಸಿಡ್ 10 ಮೈಕ್ರೊಗ್ರಾಂ ಜತೆಗೆ, ಹಾಗೆಯೇ ಅದೇ ಗುಂಪಿನ ಸೆಫ್ಟಾಜಿಡಿಮ್‌ನ ಜೋಡಿ: ಒಟ್ಟು ನಾಲ್ಕು ಡಿಸ್ಕ್.
4. 35 ಡಿಗ್ರಿ, 16ರಿಂದ 18 ಗಂಟೆ. ಯಾವುದಾದರೂ ಒಂದು ಜೋಡಿಯಲ್ಲಿ ಕ್ಲಾವುಲಾನಿಕ್ ಇರುವ ಕಡೆ ವಲಯ 5 ಮಿ.ಮೀ. ಅಥವಾ ಹೆಚ್ಚು ದೊಡ್ಡದಿದ್ದರೆ ಇಎಸ್‌ಬಿಎಲ್.

ಡಿಸ್ಕ್ ಬಾಟಲಿಯನ್ನು ಫ್ರಿಡ್ಜಿನಿಂದ ತೆಗೆದ ತಕ್ಷಣ ತೆರೆಯಬೇಡಿ. ತೇವ ಕೂತರೆ ಮೊದಲು ಹಾಳಾಗುವುದು ಕ್ಲಾವುಲಾನಿಕ್, ಆಗ ನಿಜವಾದ ಇಎಸ್‌ಬಿಎಲ್ ಕೂಡ ನೆಗೆಟಿವ್ ತೋರಿಸುತ್ತದೆ. ಇದು ಗೊತ್ತಾಗುವುದು ಕಂಟ್ರೋಲಿನಿಂದ: ಇಎಸ್‌ಬಿಎಲ್ ಇದೆಯೆಂದು ಗೊತ್ತಿರುವ ಎಟಿಸಿಸಿ 700603 ಕ್ಲೆಬ್ಸಿಯೆಲ್ಲಾ ಸೆಫ್ಟಾಜಿಡಿಮ್ ಜೋಡಿಯಲ್ಲಿ ಕನಿಷ್ಠ 5, ಸೆಫೋಟಾಕ್ಸಿಮ್ ಜೋಡಿಯಲ್ಲಿ ಕನಿಷ್ಠ 3 ಮಿ.ಮೀ. ವ್ಯತ್ಯಾಸ ಕೊಡಬೇಕು. 25922ರಲ್ಲಿ ವ್ಯತ್ಯಾಸ 2 ಮಿ.ಮೀ. ದಾಟಬಾರದು. ನಾಲ್ಕೂ ವಲಯ ಸಣ್ಣದಿದ್ದು ವ್ಯತ್ಯಾಸವೇ ಇಲ್ಲದಿದ್ದರೆ ನೆಗೆಟಿವ್ ಎಂದು ಬರೆಯುವ ಮುನ್ನ ಸೆಫಾಕ್ಸಿಟಿನ್, ಮೆರೊಪೆನೆಮ್ ಡಿಸ್ಕ್ ಇಟ್ಟು ನೋಡಿ. ಆಂಪ್-ಸಿ ಅಥವಾ ಕಾರ್ಬಪೆನೆಮೇಸ್ ಎಂಬ ಬೇರೆ ಕಿಣ್ವ ಇಎಸ್‌ಬಿಎಲ್ ಅನ್ನು ಮರೆಮಾಡಿರಬಹುದು.

ಪ್ಲೇಟುಗಳನ್ನು 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ 30 ನಿಮಿಷ ಆಟೊಕ್ಲೇವ್ ಮಾಡಿದ ಮೇಲೆಯೇ ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿ.

ಮಾದರಿ ಕೊಟ್ಟವರಿಗೆ

ಪಾಸಿಟಿವ್ ಎಂದರೆ ಕಾಯಿಲೆಯಲ್ಲ, ಅದನ್ನು ಓಡಿಸಲು ಮಾತ್ರೆ ನುಂಗಬಾರದು ಎಂದು ಬಿಡಿಸಿ ಹೇಳಿ. ಒಂದು ಪರೀಕ್ಷೆ ಹೇಳುವುದು ಆ ದಿನದ ಸ್ಥಿತಿಯನ್ನಷ್ಟೇ. 2017ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾಕ್ಕೆ ಬಂದುಹೋದ ಪ್ರವಾಸಿಗಳ ಮುಕ್ಕಾಲು ಪಾಲು ಜನ ಇಂಥ ಬ್ಯಾಕ್ಟೀರಿಯಾ ಹೊತ್ತು ಮರಳಿದ್ದರು. ಅಧ್ಯಯನದಲ್ಲಿ ಹೀಗೆ ಹೊತ್ತು ತಂದವರೆಲ್ಲರನ್ನೂ ನೋಡಿದರೆ, ಅರ್ಧದಷ್ಟು ಮಂದಿಯಲ್ಲಿ ಒಂದು ತಿಂಗಳಲ್ಲಿ ಅದು ಮಾಯವಾಗಿತ್ತು, ನೂರಕ್ಕೆ ಸುಮಾರು 11 ಮಂದಿಯಲ್ಲಿ ವರ್ಷದ ನಂತರವೂ ಉಳಿದಿತ್ತು. ಫಲಿತಾಂಶದ ಚೀಟಿಯಲ್ಲಿ ಎರಡು ಸಾಲು ಸಾಕು: ಶೌಚದ ನಂತರ, ಅಡುಗೆಗೆ ಮುನ್ನ ಸೋಪು ಹಾಕಿ ಕೈತೊಳೆಯಿರಿ. ಮುಂದೆ ಮೂತ್ರದ ಸೋಂಕಾದರೆ ಈ ಚೀಟಿಯನ್ನು ಡಾಕ್ಟರಿಗೆ ತೋರಿಸಿ, ಮಾತ್ರೆ ಶುರು ಮಾಡುವ ಮೊದಲೇ ಯೂರಿನ್ ಕಲ್ಚರಿಗೆ ಕೊಡಿ.