ನೇಪಲ್ಸ್‌ಗೆ ಹೊಸಬರೇ? ಎಸ್ಪೋಸಿತೊ ಅನ್ನೋ ಹೆಸರಿನ ಬಗ್ಗೆ ಒಂದು ಮಾತು

ಇಲ್ಲಿನ ಅಪಾರ್ಟ್‌ಮೆಂಟ್‌ಗಳ ಕೆಳಗೆ ಕರೆಗಂಟೆಗಳ ಪಕ್ಕ ಮನೆಯವರ ಅಡ್ಡಹೆಸರು ಬರೆದಿರುತ್ತದೆ. ನಿಮ್ಮ ಬೀದಿಯಲ್ಲಿ ಒಂದಾದರೂ ಎಸ್ಪೋಸಿತೊ ಸಿಗಬಹುದು. 'ಪೋ' ಮೇಲೆ ಒತ್ತು ಕೊಟ್ಟು ಹೇಳಿ.

ಹೆಸರು ಕೇಳಿದ ಕೂಡಲೇ ಅರ್ಥ ಕೇಳೋದು ನಮ್ಮ ಅಭ್ಯಾಸ, ಅಲ್ವಾ? ಅಡ್ಡಹೆಸರಿನಲ್ಲಿ ಊರು, ಕಸುಬು ಹುಡುಕುತ್ತೇವೆ. ಇಲ್ಲೂ ಅಂಥವು ಬೇಕಾದಷ್ಟಿವೆ. ಫೆರಾರಿ ಅಂದರೆ ನಮ್ಮ ಕಂಬಾರ. ರುಸ್ಸೊ ಅಂದರೆ ಕೆಂಪು ಕೂದಲಿನವನು. ಎಸ್ಪೋಸಿತೊ ಮಾತ್ರ ಬೇರೆ. ಲ್ಯಾಟಿನ್‌ನಲ್ಲಿ ಅದರ ಅರ್ಥ 'ಹೊರಗೆ ಇಟ್ಟದ್ದು'. ಹೆತ್ತವರು ಬಿಟ್ಟುಹೋದ ಕೂಸಿಗೆ ಇಡುತ್ತಿದ್ದ ಹೆಸರು ಅದು.

ಫೋರ್ಚೆಲ್ಲಾ ಬಡಾವಣೆಯ ಅನ್ನುನ್ಸಿಯಾತಾಕ್ಕೆ ಒಮ್ಮೆ ಹೋಗಿ ಬನ್ನಿ. ಬಿಟ್ಟುಹೋದ ಕೂಸುಗಳನ್ನು ಸಾಕುತ್ತಿದ್ದ ಚರ್ಚು, ಆಸ್ಪತ್ರೆ ಅದು. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿ ಗೋಡೆಯೊಳಗೆ ತಿರುಗುವ ಮರದ ಪೀಪಾಯಿ ಇತ್ತು. ಬೀದಿ ಕಡೆಯಿಂದ ಮಗುವನ್ನು ಅದರಲ್ಲಿ ಮಲಗಿಸಿ ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ತಂದವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಮುಂದೆಂದಾದರೂ ಗುರುತು ಹಿಡಿಯಲಿ ಅಂತ ಕೆಲವರು ಕೂಸಿನ ಜೊತೆ ಅರ್ಧ ಮುರಿದ ಪದಕ ಇಡುತ್ತಿದ್ದರು. ಆ ಇನ್ನರ್ಧ ಯಾವ ತಾಯಿಯ ಹತ್ತಿರ ಉಳಿಯಿತೋ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆ ಮಕ್ಕಳನ್ನು ಊರಿನವರು ಮಡೋನಾಳ, ಅಂದರೆ ಯೇಸುವಿನ ತಾಯಿ ಮೇರಿಯ, ಮಕ್ಕಳು ಅನ್ನುತ್ತಿದ್ದರು.

19ನೇ ಶತಮಾನದ ಆರಂಭದಲ್ಲಿ, ನೆಪೋಲಿಯನ್‌ನ ತಂಗಿಯ ಗಂಡ ಮ್ಯೂರಾ ನೇಪಲ್ಸ್ ಆಳುತ್ತಿದ್ದಾಗ, ಸಿಕ್ಕ ಮಕ್ಕಳಿಗೆ ಈ ಹೆಸರು ಇಡುವುದನ್ನು ನಿಲ್ಲಿಸಿದರು. ಹೆಸರೇ ಹುಟ್ಟನ್ನು ಸಾರಿಬಿಡುತ್ತಿತ್ತಲ್ಲ. ಪೀಪಾಯಿ ಮುಚ್ಚಿದ್ದು 1875ರಲ್ಲಿ. ಮಿಲಾನ್‌ನಲ್ಲಿ ಇಂಥ ಮಕ್ಕಳು ಕೊಲೊಂಬೊ, ಅಂದರೆ ಪಾರಿವಾಳ, ಆದರು. ಅಲ್ಲಿನ ಆಸ್ಪತ್ರೆಯ ಗುರುತು ಪಾರಿವಾಳ. ಫ್ಲಾರೆನ್ಸ್‌ನಲ್ಲಿ ಇನ್ನೊಚೆಂತಿ, ಅಂದರೆ ಮುಗ್ಧರು.

ಹಾಗಾಗಿ ಪರಿಚಯವಾದ ದಿನವೇ ಅರ್ಥ ಕೇಳಬೇಡಿ. ಎಷ್ಟೋ ತಲೆಮಾರಿನ ಹಿಂದಿನ ಕಥೆ, ಈಗಿನ ಮನೆಯವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಾನು ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿಯನ್ನು ಸುಮ್ನೆ ಕೇಳಿಬಿಟ್ಟಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಹೋಗಿ ಆ ಗೋಡೆ ತೋರಿಸಿದರು.

ಇನ್ನೊಂದು ಮಾತು. ಇಲ್ಲಿ ಹೆಂಗಸರು ಮದುವೆಯಾದರೂ ತವರಿನ ಅಡ್ಡಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಕರೆಗಂಟೆ ಪಕ್ಕ ಎರಡು ಹೆಸರಿದ್ದರೆ ಆ ಮನೆಯ ಹೆಂಗಸನ್ನು ಗಂಡನ ಹೆಸರಿನಿಂದ ಕರೆಯಬೇಡಿ. ಸಿನ್ಯೋರಾ ಎಸ್ಪೋಸಿತೊ ಅನ್ನಿ, ನಾವು 'ನೀವು' ಅನ್ನುವ ಹಾಗೆ 'ಲೇಯಿ' ಸೇರಿಸಿ ಮಾತಾಡಿ.