ಹರಾಜಿನ ದಿನಕ್ಕಿಂತ ಹಿಂದಿನ ಪುಟಗಳು

ನಮ್ಮ ನಗರಸಭೆಯು ತನ್ನ ಹಳೆಯ ಸಿಬ್ಬಂದಿ ವಸತಿಗೃಹಗಳಿದ್ದ ಜಾಗವನ್ನು ಬಹಿರಂಗ ಹರಾಜಿನಲ್ಲಿ ಮಾರಿದ ಸಂಗತಿ ಅಕ್ಕಪಕ್ಕದ ಮನೆಯವರಿಗೆ ತಿಳಿದದ್ದು ಕಟ್ಟಡ ಕೆಡವುವ ಯಂತ್ರ ಬಂದು ನಿಂತ ದಿನ. ಹರಾಜು ನಡೆದಿದೆ, ಮೂವರು ಸವಾಲು ಕೂಗಿದ್ದಾರೆ, ಹೆಚ್ಚು ಕೂಗಿದವರಿಗೆ ಆಸ್ತಿ ಹೋಗಿದೆ ಎಂಬುದು ಕಚೇರಿಯ ಉತ್ತರವಾಗಿತ್ತು. ಲೆಕ್ಕಪರಿಶೋಧನೆಯಲ್ಲೇ ವೃತ್ತಿಜೀವನ ಕಳೆದವನಾದ್ದರಿಂದ ನಿವಾಸಿಗಳು ನನ್ನ ನೆರವು ಕೇಳಿದರು, ನಾನು ಒಪ್ಪಿಕೊಂಡೆ.

ಮೊದಲ ಮಾಹಿತಿ ಹಕ್ಕು ಅರ್ಜಿಯಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಇಷ್ಟು ಕಡಿಮೆ ಬೆಲೆಗೆ ಏಕೆ ಮಾರಿದಿರಿ, ಜನರಿಗೆ ಏಕೆ ತಿಳಿಸಲಿಲ್ಲ ಎಂದು ಪ್ರಶ್ನೆಗಳನ್ನು ಬರೆದಿದ್ದೆ. ಪ್ರಶ್ನೆಗಳಿಗೆ ವಿವರಣೆ ನೀಡಲು ಅವಕಾಶವಿಲ್ಲ ಎಂಬ ಒಂದು ಸಾಲಿನ ಹಿಂಬರಹ ಬಂತು. 2005ರ ಅಧಿನಿಯಮ ಕೊಡುವುದು ಕಡತದಲ್ಲಿ ಇರುವ ಮಾಹಿತಿಯನ್ನೇ ಹೊರತು ಅಧಿಕಾರಿಯ ಅಭಿಪ್ರಾಯವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಆ ಹಿಂಬರಹದಲ್ಲಿ ಅವರದು ತಪ್ಪಿರಲಿಲ್ಲ. ಎರಡನೆಯ ಅರ್ಜಿಯಲ್ಲಿ ಒಂದೂ ಪ್ರಶ್ನೆ ಇರಲಿಲ್ಲ. ಮಾರಾಟಕ್ಕೆ ಒಪ್ಪಿಗೆ ನೀಡಿದ ಸಾಮಾನ್ಯ ಸಭೆಯ ನಡವಳಿ, ಕಡತದ ಟಿಪ್ಪಣಿ ಹಾಳೆಗಳು, ಮೌಲ್ಯಮಾಪನ ವರದಿ, ಹರಾಜು ಪ್ರಕಟಣೆ ಬಂದ ಪತ್ರಿಕೆಯ ಪ್ರತಿ, ಸವಾಲುದಾರರ ಅರ್ಜಿಗಳು ಮತ್ತು ಠೇವಣಿಯ ದಾಖಲೆಗಳನ್ನು ಹೆಸರಿಸಿ, ಸೆಕ್ಷನ್ 2(ಜೆ) ಪ್ರಕಾರ ಮೂಲ ಕಡತವನ್ನೇ ಪರಿಶೀಲಿಸಲು ಅವಕಾಶ ಕೇಳಿದೆ. ಪರಿಶೀಲನೆ ಕೇಳುವುದು ಬಹಳ ಮುಖ್ಯ, ಏಕೆಂದರೆ ನಕಲು ಮಾತ್ರ ಕೇಳಿದರೆ ಯಾವ ಪುಟ ಕೊಡಬೇಕೆಂಬುದನ್ನು ಅವರೇ ಆರಿಸುತ್ತಾರೆ.

ಮೂವತ್ತು ದಿನಗಳ ಗಡುವಿನ ಕೊನೆಗೆ ನಡವಳಿ ಮತ್ತು ಪ್ರಕಟಣೆ ಸಿಕ್ಕವು. ಸವಾಲುದಾರರ ದಾಖಲೆಗಳನ್ನು ವಾಣಿಜ್ಯ ಗೋಪ್ಯತೆಯ ಹೆಸರಿನಲ್ಲಿ, ಸೆಕ್ಷನ್ 8(1)(ಡಿ) ಅಡಿಯಲ್ಲಿ ನಿರಾಕರಿಸಲಾಗಿತ್ತು. ಹರಾಜು ಮುಗಿದ ಮೇಲೆ ಯಾರ ಸ್ಪರ್ಧಾತ್ಮಕ ಸ್ಥಾನಕ್ಕೆ ಧಕ್ಕೆಯಾಗುತ್ತದೆ ಎಂದು ಪ್ರಥಮ ಮೇಲ್ಮನವಿಯಲ್ಲಿ ಕೇಳಿದೆ. ಖಾಸಗಿ ವಿವರಗಳಿದ್ದರೆ ಸೆಕ್ಷನ್ 10ರಂತೆ ಅವನ್ನಷ್ಟೇ ಮರೆಮಾಡಿ ಉಳಿದದ್ದನ್ನು ಕೊಡಬಹುದೆಂದು ತೋರಿಸಿದೆ. ಖಾಸಗಿ ಮಾಲೀಕ ತನ್ನ ಆಸ್ತಿಯನ್ನು ಇಷ್ಟಬಂದಂತೆ ಮಾರಬಹುದು, ಆದರೆ ಸಾರ್ವಜನಿಕ ಆಸ್ತಿಯ ವಿಲೇವಾರಿಗೆ ನ್ಯಾಸದ, ಅಂದರೆ ಜನರ ಪರವಾಗಿ ನಿರ್ವಹಿಸುವ ಹೊಣೆಯ ಸ್ವರೂಪವಿದೆ ಎಂದು ರಾಮ್ ಅಂಡ್ ಶ್ಯಾಮ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿರುವುದನ್ನೂ ಸೇರಿಸಿದೆ. ಮೇಲ್ಮನವಿ ನಮ್ಮ ಪರವಾಯಿತು.

ಕಡತವನ್ನು ಎರಡು ಮಧ್ಯಾಹ್ನ ಕುಳಿತು ಓದಿದೆ. ನಿವಾಸಿಗಳು ಅನುಮಾನಿಸಿದ್ದು ಹರಾಜಿನ ದಿನವನ್ನು. ಆ ದಿನದ ದಾಖಲೆ ಅಚ್ಚುಕಟ್ಟಾಗಿತ್ತು, ಸಹಿಗಳೆಲ್ಲ ಸರಿಯಿದ್ದವು. ತೊಂದರೆ ಇದ್ದದ್ದು ಅದಕ್ಕೆ ಹಿಂದಿನ ಪುಟಗಳಲ್ಲಿ. ಸರ್ಕಾರಿ ಸವಾಲನ್ನು, ಅಂದರೆ ಹರಾಜು ಆರಂಭವಾಗುವ ಕನಿಷ್ಠ ಬೆಲೆಯನ್ನು ನಿಗದಿಪಡಿಸಲು ಬಳಸಿದ ಮೌಲ್ಯಮಾಪನ ವರದಿಗೆ ಹರಾಜಿನ ವೇಳೆಗೆ ಎರಡು ವರ್ಷ ತುಂಬಿತ್ತು, ಮತ್ತು ಅದು ಜಾಗವನ್ನು ವಸತಿ ಬಳಕೆಯದೆಂದು ಲೆಕ್ಕ ಹಾಕಿತ್ತು. ನಡುವೆ ಆ ರಸ್ತೆಯ ಇಕ್ಕೆಲಗಳೂ ನಗರದ ಭೂಬಳಕೆಯ ಮಹಾಯೋಜನೆಯಲ್ಲಿ ವಾಣಿಜ್ಯ ವಲಯಕ್ಕೆ ಸೇರಿದ್ದವು. ವರದಿಯನ್ನು ಹೊಸದಾಗಿ ಪಡೆಯುವುದು ಸೂಕ್ತವೆಂದು ಗುಮಾಸ್ತರೊಬ್ಬರು ಟಿಪ್ಪಣಿ ಹಾಳೆಯಲ್ಲಿ ಬರೆದಿದ್ದರು. ಕೆಳಗೆ ‘ನೋಡಿದೆ’ ಎಂಬ ಷರಾ ಇತ್ತು, ಮುಂದೇನೂ ಇರಲಿಲ್ಲ. ಆ ಸಾಲು ಬರೆದವರ ಪ್ರಾಮಾಣಿಕತೆಗೆ ನಾನು ಋಣಿ. ಅದಿಲ್ಲದಿದ್ದರೆ ಹಳೆಯ ವರದಿಯ ಬಳಕೆ ಬರೀ ಕಣ್ತಪ್ಪೆಂದು ಮುಗಿದುಹೋಗುತ್ತಿತ್ತು.

ಪ್ರಕಟಣೆಯಲ್ಲಿ ಸರ್ವೆ ನಂಬರ್ ಮತ್ತು ವಿಸ್ತೀರ್ಣ ಮಾತ್ರ ಇದ್ದವು. ರಸ್ತೆಯ ಹೆಸರಿಲ್ಲ, ಸುತ್ತಲಿನ ಗಡಿ ತಿಳಿಸುವ ಚಕ್ಕುಬಂದಿಯಿಲ್ಲ, ವಸತಿಗೃಹಗಳ ಉಲ್ಲೇಖವಿಲ್ಲ. ನಾನೇ ಅದನ್ನು ಪತ್ರಿಕೆಯಲ್ಲಿ ಓದಿದ್ದರೂ ನಾನು ದಿನವೂ ಹಾದುಹೋಗುವ ಜಾಗವೆಂದು ಗುರುತಿಸುತ್ತಿರಲಿಲ್ಲ. ಇಂಥ ಪ್ರಕಟಣೆ ನಿಯಮವನ್ನು ಪಾಲಿಸಿದಂತೆ ಕಾಣುತ್ತದೆ, ಕೊಳ್ಳಬಹುದಾದವರನ್ನು ಮಾತ್ರ ತಲುಪುವುದಿಲ್ಲ. ಇನ್ನು ಮೂವರು ಸವಾಲುದಾರರ ಠೇವಣಿಯ ಡಿಡಿಗಳು ಒಂದೇ ಬ್ಯಾಂಕ್ ಶಾಖೆಯಿಂದ, ಒಂದೇ ದಿನ, ಒಂದರ ಹಿಂದೊಂದು ಸಂಖ್ಯೆಯಲ್ಲಿ ಪಡೆದವಾಗಿದ್ದವು. ಇದು ಒಳಒಪ್ಪಂದಕ್ಕೆ ಪುರಾವೆಯಲ್ಲ, ತನಿಖೆಗೆ ಕಾರಣ. ದೂರಿನಲ್ಲೂ ಹಾಗೆಯೇ ಬರೆದೆ. ಯಾರ ಮೇಲೂ ಆರೋಪ ಹೊರಿಸದೆ, ಪ್ರತಿ ವಾಕ್ಯದ ಮುಂದೆ ದೃಢೀಕೃತ ನಕಲಿನ ಪುಟಸಂಖ್ಯೆ ನಮೂದಿಸಿ, ದಿನಾಂಕಗಳ ಒಂದು ಪಟ್ಟಿಯನ್ನು ಲಗತ್ತಿಸಿದೆ.

ದೂರಿನ ಪ್ರತಿಯನ್ನು ನಗರಸಭೆಯ ಎಲ್ಲ ಸದಸ್ಯರಿಗೂ ತಲುಪಿಸಿದೆವು. ಸಭೆಯಲ್ಲಿ ಕೈಯೆತ್ತಿದ ಹಲವರು ಮೌಲ್ಯಮಾಪನ ವರದಿಯನ್ನು ನೋಡಿಯೇ ಇರಲಿಲ್ಲವೆಂದು ಆಗ ತಿಳಿಯಿತು, ಕಾರ್ಯಸೂಚಿಗೆ ಅದನ್ನು ಲಗತ್ತಿಸಿರಲಿಲ್ಲ.

ಕ್ರಯಪತ್ರ ನೋಂದಣಿಯಾಗಿದ್ದ ಆ ಜಾಗ ನಮಗೆ ಮರಳಿ ಬಂದಿಲ್ಲ. ಡಿಡಿಗಳ ವಿಷಯ ಲೆಕ್ಕಪರಿಶೋಧನೆಯ ಮುಂದಿದೆ, ಉತ್ತರಕ್ಕಾಗಿ ಕಾಯುತ್ತಿದ್ದೇವೆ. ಮುಂದಿನ ಆಸ್ತಿಯ ಹರಾಜು ಪ್ರಕಟಣೆಯಲ್ಲಿ ರಸ್ತೆಯ ಹೆಸರು, ನಾಲ್ಕೂ ದಿಕ್ಕಿನ ಚಕ್ಕುಬಂದಿ ಮತ್ತು ಹೊಸ ಮೌಲ್ಯಮಾಪನದ ದಿನಾಂಕ ಇದ್ದವು. ಅದನ್ನು ಜಾಗದ ಗೇಟಿಗೂ ಅಂಟಿಸಿದ್ದರು.